ಮನೆಯ ಕಂಪ್ಯೂಟರಿನಲ್ಲಿ ಬ್ರೌಸರ್ ತೊಂದರೆ: ಪರಿಹಾರಕ್ಕೂ ಮೊದಲು ಕಾರಣ

ಬಿ.ಇಡಿ. ಎರಡನೇ ವರ್ಷದ ಅಭ್ಯಾಸ ಬೋಧನೆಯಲ್ಲಿ ನಾನು ಒಂಬತ್ತನೇ ತರಗತಿಗೆ ತೆಗೆದುಕೊಂಡ ಒಂದು ಪಾಠದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ವಿಷಯ: ಮನೆಯ ಕಂಪ್ಯೂಟರಿನಲ್ಲಿ ಬ್ರೌಸರ್ ಕೈಕೊಟ್ಟಾಗ ಏನು ಮಾಡಬೇಕು. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ನಲವತ್ತು ನಿಮಿಷಕ್ಕೆ ಸರಿಯಾಗಿ ಮುಗಿಯಿತು. ಮಕ್ಕಳು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದರು. ವೀಕ್ಷಣಾ ಹಾಳೆಯಲ್ಲಿ ಒಳ್ಳೆಯ ಷರಾ ಕೂಡ ಬಂದಿತು. ಆದರೆ ಅದೇ ಪಾಠದಿಂದ ಒಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ದೊಡ್ಡ ತೊಂದರೆಯಾಯಿತು. ಆ ತೊಂದರೆಗೆ ನಾನೇ ಕಾರಣ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಇದೇ ಘಟಕವನ್ನು ಬೋಧಿಸುವಾಗ ಉಪಯೋಗಕ್ಕೆ ಬರಲಿ ಎಂದು ನಡೆದದ್ದನ್ನೂ ಆಮೇಲೆ ತಿದ್ದಿಕೊಂಡದ್ದನ್ನೂ ಬರೆದಿದ್ದೇನೆ.

ಮೊದಲ ಪಾಠ

ಮೊದಲ ಪಾಠದಲ್ಲಿ ಕಪ್ಪುಹಲಗೆಯ ಮೇಲೆ ಏಳು ಪರಿಹಾರಗಳ ಪಟ್ಟಿ ಬರೆದಿದ್ದೆ. ಪುಟವನ್ನು ಮತ್ತೆ ಲೋಡ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ, ಬ್ರೌಸರಿನ ಡೇಟಾ ಎಲ್ಲ ಅಳಿಸಿ, ಎಕ್ಸ್‌ಟೆನ್ಶನ್‌ಗಳನ್ನು ತೆಗೆಯಿರಿ, ರೂಟರ್ ಆಫ್ ಮಾಡಿ ಆನ್ ಮಾಡಿ, ಬ್ರೌಸರ್ ಅಪ್‌ಡೇಟ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಇವುಗಳಲ್ಲಿ ಮೂರನೆಯದನ್ನು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಮಾಡಿಯೂ ತೋರಿಸಿದೆ. ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ, 'ಆಲ್ ಟೈಮ್' ಆರಿಸಿ, ಅಲ್ಲಿದ್ದ ಚೌಕಗಳಿಗೆಲ್ಲ ಗುರುತು ಹಾಕಿ, ಅಳಿಸುವ ಗುಂಡಿ ಒತ್ತಿದೆ. ಶಾಲೆಯ ಕಂಪ್ಯೂಟರಿನಲ್ಲಿ ಯಾರ ಪಾಸ್‌ವರ್ಡೂ ಇರಲಿಲ್ಲ, ಯಾರ ಕೆಲಸವೂ ಇರಲಿಲ್ಲ. ಆದ್ದರಿಂದ ಏನೂ ಹೋಗಲಿಲ್ಲ. ಏನೂ ಹೋಗಲಿಲ್ಲ ಎಂಬುದನ್ನೇ ಮಕ್ಕಳೂ ಕಲಿತರು.

ಮುಂದಿನ ವಾರ ಒಬ್ಬ ಹುಡುಗಿ ವಿರಾಮದ ವೇಳೆಯಲ್ಲಿ ಬಂದು, "ಮಿಸ್, ನೀವು ಹೇಳಿದ್ದೆಲ್ಲ ಮಾಡಿದೆ, ಆದರೂ ಸರಿಯಾಗಲಿಲ್ಲ" ಎಂದಳು. ಸ್ವಲ್ಪ ತಡೆದು, "ಅಣ್ಣನ ಪಾಸ್‌ವರ್ಡ್ ಹೋಗಿದೆ" ಎಂದು ಸೇರಿಸಿದಳು. ಮುಖ್ಯ ಶಿಕ್ಷಕರ ಅನುಮತಿ ಪಡೆದು, ತರಗತಿ ಶಿಕ್ಷಕಿಯವರ ಜೊತೆ ಶನಿವಾರ ಮಧ್ಯಾಹ್ನ ಅವಳ ಮನೆಗೆ ಹೋದೆ.

ಅಲ್ಲಿ ಮೊದಲು ನೋಡಿದ್ದು ಅವಳ ನೋಟುಪುಸ್ತಕ. ನನ್ನ ಏಳು ಪರಿಹಾರಗಳನ್ನು ದುಂಡಾಗಿ ಬರೆದುಕೊಂಡು, ಒಂದೊಂದು ಮಾಡಿದ ಮೇಲೂ ಪಕ್ಕದಲ್ಲಿ ಗುರುತು ಹಾಕಿಕೊಂಡಿದ್ದಳು. ಅವಳ ತಾಯಿ ಕೋಪವಿಲ್ಲದೆಯೇ ಹೇಳಿದರು: "ನೀವು ಹೇಳಿಕೊಟ್ಟ ಹಾಗೇ ಮಾಡಿದಳಂತೆ ಮೇಡಂ." ಅಣ್ಣ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಅವನ ವಿದ್ಯಾರ್ಥಿವೇತನದ ಅರ್ಜಿಯ ಪಾಸ್‌ವರ್ಡ್ ಆ ಬ್ರೌಸರಿನಲ್ಲಿ ಮಾತ್ರ ಉಳಿದಿತ್ತು. ಯಾರಿಗೂ ಬಾಯಲ್ಲಿ ಬರುತ್ತಿರಲಿಲ್ಲ, ಎಲ್ಲೂ ಬರೆದಿಟ್ಟಿರಲಿಲ್ಲ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದರೆ ಒಟಿಪಿ ಹೋಗುತ್ತಿದ್ದದ್ದು ಬಳಕೆಯಲ್ಲೇ ಇಲ್ಲದ ಹಳೆಯ ಮೊಬೈಲ್ ಸಂಖ್ಯೆಗೆ. ಕೊನೆಗೆ ಅವರ ತಂದೆ ಎರಡು ದಿನದ ಕೆಲಸ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಓಡಾಡಿ, ಪತ್ರ ಕೊಟ್ಟು, ಸಂಖ್ಯೆ ಬದಲಾಯಿಸಿಕೊಂಡು ಬಂದರು. ಅರ್ಜಿಯ ಕೊನೆಯ ದಿನಕ್ಕೆ ಮೂರು ದಿನ ಇರುವಾಗ ಖಾತೆ ತೆರೆಯಿತು.

ಇಷ್ಟಕ್ಕೂ ಮೂಲ ತೊಂದರೆ ಏನಾಗಿತ್ತು? ಯಾವ ತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬರ್ಥದ ಎಚ್ಚರಿಕೆ ಬರುತ್ತಿತ್ತು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ 'ಯುವರ್ ಕ್ಲಾಕ್ ಈಸ್ ಬಿಹೈಂಡ್', ಅಂದರೆ ನಿಮ್ಮ ಗಡಿಯಾರ ಹಿಂದಿದೆ, ಎಂದು ಬರೆದೇ ಇತ್ತು. ಕೆಳಗೆ ಬಲಮೂಲೆಯಲ್ಲಿ ನೋಡಿದರೆ ಎಷ್ಟೋ ವರ್ಷ ಹಿಂದಿನ ಜನವರಿ 1 ಎಂದು ತೋರಿಸುತ್ತಿತ್ತು. ದಿನಾಂಕ ಸರಿಪಡಿಸಿದೆ. ಬ್ರೌಸರ್ ತೆರೆಯಿತು. ಕೆಲಸ ಒಂದು ನಿಮಿಷದ್ದು.

ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ಸಿಆರ್2032 ಎಂಬ 3 ವೋಲ್ಟಿನ ಬ್ಯಾಟರಿ. ಸ್ವಿಚ್ ಆಫ್ ಮಾಡಿದಾಗಲೂ ಗಡಿಯಾರ ನಡೆಯುವುದು ಅದರಿಂದಲೇ. ಅದು ಸತ್ತರೆ, ಗೋಡೆಯ ಸ್ವಿಚ್ ಆರಿಸಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ಸುರಕ್ಷಿತ ತಾಣಗಳು ತಮ್ಮ ಗುರುತಿಗಾಗಿ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಬ್ರೌಸರ್ ಅದನ್ನು ಕಂಪ್ಯೂಟರಿನ ದಿನಾಂಕದೊಂದಿಗೆ ಹೋಲಿಸುತ್ತದೆ. ಗಡಿಯಾರ ಹಿಂದಿದ್ದರೆ, ಈ ಪ್ರಮಾಣಪತ್ರದ ಅವಧಿ ಇನ್ನೂ ಶುರುವಾಗಿಲ್ಲ ಎಂದು ಬಾಗಿಲು ಹಾಕುತ್ತದೆ. ಏಳು ಪರಿಹಾರಗಳಲ್ಲಿ ಒಂದೂ ಇದಕ್ಕೆ ಸಂಬಂಧಪಟ್ಟದ್ದಲ್ಲ. ಆ ಹುಡುಗಿ ನಾನು ಕಲಿಸಿದ್ದನ್ನು ತಪ್ಪಿಲ್ಲದೆ ಮಾಡಿದ್ದಳು. ಪರದೆಯನ್ನು ಓದು ಎಂದು ಮಾತ್ರ ನಾನು ಹೇಳಿರಲಿಲ್ಲ.

ಎಲ್ಲಿ ತಪ್ಪಿದೆ

ಸೋಮವಾರ ನಮ್ಮ ಮೇಲ್ವಿಚಾರಕರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ನನ್ನ ಪಾಠ ಯೋಜನೆಯ ಉದ್ದೇಶಗಳ ಸಾಲಿಗೆ ಬೆರಳಿಟ್ಟು, "ಇಲ್ಲಿ 'ಪರಿಹಾರಗಳನ್ನು ಪಟ್ಟಿ ಮಾಡುವರು' ಅಂತ ಬರೆದಿದ್ದೀರಿ. ಮಕ್ಕಳು ಪಟ್ಟಿ ಮಾಡಿದ್ದಾರೆ. ನಿಮ್ಮ ಉದ್ದೇಶ ಈಡೇರಿದೆಯಲ್ಲ?" ಎಂದರು. ಉತ್ತರ ಹೇಳಲಾಗಲಿಲ್ಲ. ಪುನರ್ಬೋಧನೆಗೆ ಒಪ್ಪಿಗೆ ಕೇಳಿದೆ. ಸೂಕ್ಷ್ಮ ಬೋಧನೆಯಲ್ಲಿ ನಾವೆಲ್ಲ ಬೋಧನೆ, ಹಿಮ್ಮಾಹಿತಿ, ಮರುಯೋಜನೆ, ಪುನರ್ಬೋಧನೆ ಎಂಬ ಚಕ್ರವನ್ನು ಬರೆದಿದ್ದೇವೆ, ಆರು ನಿಮಿಷದ ಪಾಠಗಳಲ್ಲಿ ಮಾಡಿಯೂ ಇದ್ದೇವೆ. ಅದು ನಿಜವಾಗಿ ಬೇಕಾದದ್ದು ಆಗಲೇ.

ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ 'ಹೌ ಟು ಸಾಲ್ವ್ ಇಟ್' ಪುಸ್ತಕದಲ್ಲಿ ಸಮಸ್ಯೆ ಬಿಡಿಸುವ ನಾಲ್ಕು ಹಂತಗಳಿವೆ: ಸಮಸ್ಯೆಯನ್ನು ಅರಿಯುವುದು, ಯೋಜನೆ ಮಾಡುವುದು, ಯೋಜನೆಯಂತೆ ನಡೆಯುವುದು, ತಿರುಗಿ ನೋಡುವುದು. ಗಣಿತ ಬೋಧನಾ ಪದ್ಧತಿಯವರಿಗೆ ಇದು ಚಿರಪರಿಚಿತ. ನನ್ನ ಪಟ್ಟಿಯಲ್ಲಿದ್ದದ್ದು ಮೂರನೇ ಹಂತ ಮಾತ್ರ. ಹಾಗಾಗಿ ಎರಡನೇ ಪಾಠಕ್ಕೆ ಪರಿಹಾರಗಳ ಬದಲು ಪ್ರಶ್ನೆಗಳನ್ನು ಆರಿಸಿಕೊಂಡೆ.

ಐದು ಪ್ರಶ್ನೆಗಳು

ಪ್ರಶ್ನೆಗಳಿಗೆ ಆಧಾರವಾಗಿ ಒಂದು ಸರಳ ಚಿತ್ರ ಬರೆದೆ. ಎಡಕ್ಕೆ ನಮ್ಮ ಕಂಪ್ಯೂಟರ್, ಬಲಕ್ಕೆ ತಾಣದ ಸರ್ವರ್, ನಡುವೆ ದಾರಿ, ಅಂದರೆ ಕೇಬಲ್, ರೂಟರ್, ಇಂಟರ್ನೆಟ್ ಸೇವೆ. ತೊಂದರೆ ಈ ಮೂರರಲ್ಲಿ ಒಂದು ಕಡೆ ಇರಬೇಕು. ಎಲ್ಲಿ ಎಂದು ತಿಳಿಯುವವರೆಗೆ ಏನನ್ನೂ ಬದಲಾಯಿಸಬಾರದು.

1. ಪರದೆ ಏನು ಹೇಳುತ್ತಿದೆ? ಸಂದೇಶವನ್ನು ಪೂರ್ತಿ ಓದಬೇಕು, ಸಾಧ್ಯವಾದರೆ ಬರೆದುಕೊಳ್ಳಬೇಕು. 404 ಎಂದರೆ ಸರ್ವರ್ ಸಿಕ್ಕಿದೆ, ಆದರೆ ಕೇಳಿದ ಪುಟ ಅಲ್ಲಿಲ್ಲ. 500, 503ರಂಥ ಐನೂರರ ಸಂಖ್ಯೆಗಳು ಬಂದರೆ ತೊಂದರೆ ಸರ್ವರಿನ ಕಡೆಯದು, ನಾವು ಕಾಯಬೇಕಷ್ಟೆ. 'ಡಿಎನ್ಎಸ್' ಎಂಬ ಅಕ್ಷರಗಳು ಕಂಡರೆ, ನಾವು ಕೊಟ್ಟ ಹೆಸರಿಗೆ ತಕ್ಕ ಸಂಖ್ಯಾ ವಿಳಾಸ ಸಿಕ್ಕಿಲ್ಲ ಎಂದರ್ಥ. ಮೊದಲು ವಿಳಾಸದ ಕಾಗುಣಿತ ನೋಡಬೇಕು. ಕ್ರೋಮ್‌ನಲ್ಲಿ ಪುಟ್ಟ ಡೈನೋಸಾರ್ ಬಂದರೆ ಕಂಪ್ಯೂಟರಿಗೆ ಇಂಟರ್ನೆಟ್ ಸಂಪರ್ಕವೇ ತಲುಪುತ್ತಿಲ್ಲ. ಪ್ರಮಾಣಪತ್ರದ ಎಚ್ಚರಿಕೆ ಬಂದರೆ ಮೊದಲು ದಿನಾಂಕ ನೋಡಬೇಕು. ದಿನಾಂಕ ಸರಿಯಿದ್ದೂ ಎಚ್ಚರಿಕೆ ಬರುತ್ತಿದ್ದರೆ ಅಲ್ಲಿ ಪಾಸ್‌ವರ್ಡ್ ಅಥವಾ ಬ್ಯಾಂಕಿನ ವಿವರ ಕೊಡಲೇಬಾರದು.

2. ಬೇರೆ ತಾಣ ತೆರೆಯುತ್ತದೆಯೇ? ಉಳಿದವೆಲ್ಲ ತೆರೆದು ಒಂದು ಮಾತ್ರ ತೆರೆಯದಿದ್ದರೆ, ತಪ್ಪು ಆ ತಾಣದ್ದಿರಬಹುದು ಅಥವಾ ಆ ತಾಣಕ್ಕೆ ಸಂಬಂಧಿಸಿ ನಮ್ಮ ಬ್ರೌಸರಿನಲ್ಲಿ ಉಳಿದಿರುವ ಕಡತಗಳದ್ದಿರಬಹುದು. ದಾರಿಯ ಮೇಲೆ ಅನುಮಾನ ಕಡಿಮೆಯಾಗುತ್ತದೆ.

3. ಬೇರೆ ಸಾಧನದಲ್ಲಿ ತೆರೆಯುತ್ತದೆಯೇ? ಮೊಬೈಲಿನಲ್ಲಿ ಅದೇ ಪುಟ ತೆರೆದು ನೋಡಬೇಕು. ಇಲ್ಲಿ ಒಂದು ಎಚ್ಚರ ಬೇಕು: ಮೊಬೈಲ್ ಮನೆಯ ವೈಫೈಗೇ ಸೇರಿರಬೇಕು. ಮೊಬೈಲ್ ಡೇಟಾದಲ್ಲಿದ್ದರೆ ದಾರಿಯೇ ಬೇರೆಯಾಗಿ ಹೋಲಿಕೆ ಕೆಡುತ್ತದೆ. ವೈಫೈನಲ್ಲಿ ಮೊಬೈಲಿಗೆ ತೆರೆದು ಕಂಪ್ಯೂಟರಿಗೆ ತೆರೆಯದಿದ್ದರೆ ಅನುಮಾನ ಕಂಪ್ಯೂಟರಿನ ಮೇಲೆ. ಎರಡರಲ್ಲೂ ಯಾವ ತಾಣವೂ ತೆರೆಯದೆ ಮೊಬೈಲ್ ಡೇಟಾದಲ್ಲಿ ಮಾತ್ರ ತೆರೆದರೆ ಅನುಮಾನ ದಾರಿಯ ಮೇಲೆ. ಆಗ ರೂಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ದೀಪಗಳು ನೆಲೆಗೊಳ್ಳುವವರೆಗೆ ಕಾಯುವುದಕ್ಕೆ ಅರ್ಥವಿದೆ.

4. ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಬ್ರೌಸರ್ ಅಥವಾ ಖಾಸಗಿ ಕಿಟಕಿಯಲ್ಲಿ ತೆರೆಯುತ್ತದೆಯೇ? ಕ್ರೋಮ್, ಎಡ್ಜ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ. ಈ ಕಿಟಕಿ ಹಳೆಯ ಕುಕಿಗಳನ್ನು ಬಳಸುವುದಿಲ್ಲ. ನಾವೇ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಶನ್‌ಗಳೂ ಇದರಲ್ಲಿ ಕೆಲಸ ಮಾಡುವುದಿಲ್ಲ. ಇಲ್ಲಿ ಪುಟ ಸರಿಯಾಗಿ ಬಂದರೆ, ದೋಷ ಕುಕಿ, ಕ್ಯಾಶ್, ಎಕ್ಸ್‌ಟೆನ್ಶನ್ ಈ ಮೂರರಲ್ಲಿ ಒಂದರದ್ದು. ಏನನ್ನೂ ಅಳಿಸದೆ ಇಷ್ಟು ತಿಳಿಯುತ್ತದೆ. ಇಡೀ ಪಾಠದಲ್ಲಿ ಅತ್ಯಂತ ಉಪಯುಕ್ತ ಪರೀಕ್ಷೆ ಇದೇ ಎಂದು ನನ್ನ ಅನಿಸಿಕೆ.

5. ಇದನ್ನು ಮಾಡಿದರೆ ಏನು ಕಳೆದುಹೋಗುತ್ತದೆ? ಅದು ಮತ್ತೆ ಸಿಗುತ್ತದೆಯೇ? ಯಾವ ಗುಂಡಿ ಒತ್ತುವ ಮೊದಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಉತ್ತರ ಗೊತ್ತಿಲ್ಲದಿದ್ದರೆ ಒತ್ತಬಾರದು, ಮನೆಯವರನ್ನು ಕೇಳಬೇಕು.

ಅಳಿಸುವ ಮೂರು ವಸ್ತುಗಳು

ಐದನೇ ಪ್ರಶ್ನೆಗೆ ಉತ್ತರಿಸಲು ಬ್ರೌಸರಿನೊಳಗೆ ಏನೇನಿದೆ ಎಂದು ಮಕ್ಕಳಿಗೆ ಗೊತ್ತಿರಬೇಕು. ನಾನು 'ಡೇಟಾ' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟಿಹಾಕಿದ್ದೆ. ಈ ಬಾರಿ ಬಿಡಿಸಿ ಹೇಳಿದೆ.

ಕ್ಯಾಶ್ ಎಂದರೆ ಒಮ್ಮೆ ನೋಡಿದ ಪುಟಗಳ ಚಿತ್ರ ಮತ್ತು ಇತರ ಕಡತಗಳ ಪ್ರತಿ. ಮುಂದಿನ ಸಲ ಪುಟ ಬೇಗ ಬರಲಿ ಎಂದು ಬ್ರೌಸರ್ ಇಟ್ಟುಕೊಂಡಿರುತ್ತದೆ. ಈ ಕ್ಯಾಶ್‌ಗೂ ದುಡ್ಡಿಗೂ ಸಂಬಂಧವಿಲ್ಲ ಎಂದು ಮೊದಲೇ ಹೇಳುವುದು ಒಳ್ಳೆಯದು. ಇಬ್ಬರು ಹುಡುಗರು ಹಾಗೇ ತಿಳಿದಿದ್ದರು. ಇದನ್ನು ಅಳಿಸಿದರೆ ಮೊದಲ ಸಲ ಪುಟ ಸ್ವಲ್ಪ ನಿಧಾನ, ಅಷ್ಟೆ. ತಾಣದಲ್ಲಿ ಹೊಸ ವೇಳಾಪಟ್ಟಿ ಹಾಕಿದ್ದರೂ ನಮಗೆ ಹಳೆಯದೇ ಕಾಣುತ್ತಿದ್ದರೆ ಕಾರಣ ಇದೇ ಇರಬಹುದು. ಆಗಲೂ ಅಳಿಸುವ ಮೊದಲು ಕಂಟ್ರೋಲ್, ಶಿಫ್ಟ್, ಆರ್ ಒತ್ತಿ ನೋಡಬೇಕು. ಹಳೆಯ ಪ್ರತಿಯನ್ನು ಬದಿಗಿಟ್ಟು ಪುಟ ಹೊಸದಾಗಿ ಬರುತ್ತದೆ.

ಕುಕಿ ಎಂದರೆ ತಾಣವು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಚಿಕ್ಕ ಗುರುತುಚೀಟಿ. ವೆಬ್‌ನ ಮೂಲ ನಿಯಮದಲ್ಲಿ ಸರ್ವರ್‌ಗೆ ನೆನಪಿಲ್ಲ. ಪ್ರತಿ ಕೋರಿಕೆಯೂ ಅದಕ್ಕೆ ಹೊಸಬರದ್ದೇ. ಈ ಕೊರತೆ ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಕುಕಿಯನ್ನು ರೂಪಿಸಿದರು. ಕುಕಿ ಅಳಿಸಿದರೆ ಲಾಗಿನ್ ಆಗಿದ್ದ ತಾಣಗಳಿಂದ ಹೊರಬರುತ್ತೇವೆ. ಮತ್ತೆ ಪಾಸ್‌ವರ್ಡ್ ಕೊಡಬೇಕು. ಪಾಸ್‌ವರ್ಡ್ ನೆನಪಿರುವವರಿಗೆ ಇದು ಕಿರಿಕಿರಿ. ನೆನಪಿಲ್ಲದವರಿಗೆ ನಷ್ಟ. ಒಂದೇ ತಾಣ ಕಾಡುತ್ತಿದ್ದರೆ, ವಿಳಾಸಪಟ್ಟಿಯ ಎಡತುದಿಯ ಗುರುತನ್ನು ಒತ್ತಿ ಆ ತಾಣದ ಕುಕಿಗಳನ್ನು ಮಾತ್ರ ತೆಗೆಯಬಹುದು.

ಉಳಿಸಿದ ಪಾಸ್‌ವರ್ಡ್ ಮೂರನೆಯದು. ಇದನ್ನು ಅಳಿಸುವುದರಿಂದ ಪುಟ ತೆರೆಯದಿರುವ ತೊಂದರೆ ಯಾವುದೂ ಪರಿಹಾರವಾಗುವುದಿಲ್ಲ. ಕ್ರೋಮ್‌ನಲ್ಲಿ ಖಾತೆಯೊಂದಿಗೆ ಸಿಂಕ್ ಆಗಿದ್ದರೆ, ಒಂದು ಕಡೆ ಅಳಿಸಿದ್ದು ಅದೇ ಖಾತೆಯ ಉಳಿದ ಸಾಧನಗಳಿಂದಲೂ ಹೋಗುತ್ತದೆ. ಈ ಚೌಕವನ್ನು ಮುಟ್ಟಬಾರದು ಎಂದು ನೇರವಾಗಿಯೇ ಹೇಳಿದೆ.

ಪುನರ್ಬೋಧನೆಯಲ್ಲಿ ನಡೆದದ್ದು

5ಇ ಮಾದರಿಯಲ್ಲಿ ಯೋಜನೆ ಬರೆದು, ಎರಡು ಅವಧಿಗಳನ್ನು ಜೋಡಿಸಿ ತೆಗೆದುಕೊಂಡೆ. ತೊಡಗಿಸಿಕೊಳ್ಳುವ ಹಂತದಲ್ಲಿ ನನ್ನ ತಪ್ಪನ್ನೇ ಹೇಳಿದೆ. ಆ ವಿದ್ಯಾರ್ಥಿನಿಯನ್ನು ಮೊದಲೇ ಕೇಳಿ, ಯಾರ ಮನೆ ಎಂದು ಹೇಳದೆ, ಏನಾಯಿತು ಎಂಬುದನ್ನು ಮಾತ್ರ ವಿವರಿಸಿದೆ. ತರಗತಿ ಎಂದಿಲ್ಲದಷ್ಟು ಮೌನವಾಗಿತ್ತು.

ಅನ್ವೇಷಣೆಗೆ ನಾಲ್ಕು ಕಂಪ್ಯೂಟರುಗಳಲ್ಲಿ ಬೇಕೆಂದೇ ತೊಂದರೆ ಮಾಡಿಟ್ಟಿದ್ದೆ. ಒಂದರಲ್ಲಿ ದಿನಾಂಕ ಹಿಂದಿಟ್ಟಿದ್ದೆ. ಒಂದರಲ್ಲಿ ನೆಟ್‌ವರ್ಕ್ ಕೇಬಲ್ ಸಡಿಲಿಸಿದ್ದೆ. ಒಂದರಲ್ಲಿ ಬುಕ್‌ಮಾರ್ಕಿನ ವಿಳಾಸದಲ್ಲಿ ಒಂದಕ್ಷರ ತಪ್ಪಾಗಿತ್ತು. ಇನ್ನೊಂದರಲ್ಲಿ ಪುಟದ ಬಣ್ಣ ಬದಲಿಸುವ ಎಕ್ಸ್‌ಟೆನ್ಶನ್ ಹಾಕಿ ಅಕ್ಷರ ಕಾಣದಂತೆ ಮಾಡಿದ್ದೆ. ಗುಂಪುಗಳಿಗೆ ಕೊಟ್ಟ ನಿಯಮ ಎರಡೇ: ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಬೇಕು, ಬದಲಾಯಿಸುವ ಮೊದಲು ಏಕೆ ಎಂದು ಬರೆಯಬೇಕು.

ಕೇಬಲ್ ಗುಂಪು ನಿಯಮ ಮರೆತಿತ್ತು. ಒಬ್ಬ ರೀಸ್ಟಾರ್ಟ್ ಮಾಡಿದ, ಅಷ್ಟರಲ್ಲಿ ಇನ್ನೊಬ್ಬ ಹಿಂದೆ ಕೈಹಾಕಿ ಕೇಬಲ್ ಒತ್ತಿದ. ಸರಿಯಾಯಿತು. ಯಾವುದರಿಂದ ಎಂದು ಕೇಳಿದೆ. "ರೀಸ್ಟಾರ್ಟ್‌ನಿಂದ" ಎಂದ ಒಬ್ಬ, "ಕೇಬಲ್‌ನಿಂದ" ಎಂದ ಮತ್ತೊಬ್ಬ, ವಾದವೇ ಶುರುವಾಯಿತು. ಕೇಬಲನ್ನು ಮತ್ತೆ ಸಡಿಲಿಸಿ, ರೀಸ್ಟಾರ್ಟ್ ಮಾತ್ರ ಮಾಡಿ ನೋಡಿ ಎಂದೆ. ಡೈನೋಸಾರ್ ಮತ್ತೆ ಬಂತು. ಚರಾಂಶವನ್ನು ನಿಯಂತ್ರಿಸುವುದು ಎಂದರೇನು ಎಂದು ವಿಜ್ಞಾನ ಪಾಠದಲ್ಲಿ ನಾನು ಎಷ್ಟು ಸಲ ಹೇಳಿದ್ದರೂ ಇಷ್ಟು ಚೆನ್ನಾಗಿ ತಲುಪಿರಲಿಲ್ಲ.

ಬಣ್ಣದ ಪುಟದ ಗುಂಪು ಖಾಸಗಿ ಕಿಟಕಿ ತೆರೆದು, ಅಲ್ಲಿ ಸರಿಯಾಗಿ ಕಂಡಾಗ, ಎಕ್ಸ್‌ಟೆನ್ಶನ್ ಪುಟಕ್ಕೆ ಹೋಗಿ ಅದನ್ನು ತೆಗೆಯದೆ ನಿಷ್ಕ್ರಿಯ ಮಾತ್ರ ಮಾಡಿತು. ಏಕೆ ತೆಗೆಯಲಿಲ್ಲ ಎಂದೆ. "ಅದು ಯಾರದೋ ಏನೋ ಮಿಸ್, ಬೇಕಾದರೆ ಮತ್ತೆ ಆನ್ ಮಾಡಬಹುದು" ಎಂದಳು ಒಬ್ಬಳು. ಐದನೇ ಪ್ರಶ್ನೆಗೆ ಸಿಕ್ಕ ಉತ್ತರ ಅದು.

ದಿನಾಂಕದ ಗುಂಪಿಗೆ ಅತಿ ಹೆಚ್ಚು ಸಮಯ ಹಿಡಿಯಿತು. ಎಚ್ಚರಿಕೆ ಇಂಗ್ಲಿಷಿನಲ್ಲಿದ್ದದ್ದರಿಂದ ಮಕ್ಕಳು ಓದದೆ ಕೆಂಪು ಗುರುತನ್ನಷ್ಟೇ ನೋಡುತ್ತಿದ್ದರು. ಆಗ ಕ್ರೋಮ್‌ನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಬಹುದು ಎಂದು ತೋರಿಸಿದೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ಇದನ್ನು ಪಾಠದ ಮೊದಲಲ್ಲೇ ಮಾಡಬೇಕಿತ್ತು. ಓದಲಾಗದ ಸಂದೇಶವನ್ನು ಓದಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಮಕ್ಕಳು ತಂದ ತೊಂದರೆಗಳು

ವಿಸ್ತರಣೆಯ ಹಂತದಲ್ಲಿ ತಮ್ಮ ಮನೆಯ ತೊಂದರೆಗಳನ್ನು ಹೇಳಲು ಕೇಳಿದೆ. ಹೆಚ್ಚಾಗಿ ಬಂದವು ಇವು.

ಪರದೆಯ ಮೂಲೆಯಲ್ಲಿ 'ವೈರಸ್ ಬಂದಿದೆ' ಎಂಬ ಸೂಚನೆ ಮತ್ತೆ ಮತ್ತೆ ಬರುವುದು. ಹಲವು ಸಲ ಅದು ವೈರಸ್ ಅಲ್ಲ. ಎಂದೋ ಯಾವುದೋ ತಾಣದಲ್ಲಿ 'ಅಲೋ' ಒತ್ತಿ ಕೊಟ್ಟ ಸೂಚನೆಯ ಅನುಮತಿ. ಸೂಚನೆಯನ್ನು ಒತ್ತದೆ, ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿ ತೆರೆದು ಆ ತಾಣದ ಅನುಮತಿ ತೆಗೆಯಬೇಕು.

ಬ್ರೌಸರ್ ತೀರಾ ನಿಧಾನವಾಗುವುದು. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ಮೆಮೊರಿ ಹಿಡಿದಿದೆ ಎಂಬ ಪಟ್ಟಿ ಬರುತ್ತದೆ. ಎಲ್ಲವನ್ನೂ ಮುಚ್ಚುವ ಬದಲು ಭಾರವಾದದ್ದನ್ನು ಮುಚ್ಚಬಹುದು.

ಹಳೆಯ ಕಂಪ್ಯೂಟರಿನಲ್ಲಿ ಕೆಲವು ತಾಣಗಳು ತೆರೆಯದಿರುವುದು, ಬ್ರೌಸರ್ ಅಪ್‌ಡೇಟ್ ಆಗದಿರುವುದು. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಕ್ರೋಮ್ ಆವೃತ್ತಿ 109. ಇದು ಮಗುವಿನ ತಪ್ಪೂ ಅಲ್ಲ, ಬ್ರೌಸರ್ ಕೆಟ್ಟಿರುವುದೂ ಅಲ್ಲ. ಎಷ್ಟು ಅಳಿಸಿದರೂ ಸರಿಯಾಗದು ಎಂದು ತಿಳಿಸುವುದೂ ಪಾಠದ ಭಾಗವೇ.

ಕನ್ನಡ ಅಕ್ಷರಗಳ ಜಾಗದಲ್ಲಿ ಚೌಕಗಳು ಕಂಡರೆ ಕಂಪ್ಯೂಟರಿನಲ್ಲಿ ಕನ್ನಡದ ಯೂನಿಕೋಡ್ ಫಾಂಟ್ ಇಲ್ಲ. ಚೌಕಗಳಿಲ್ಲದೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ, ಆ ಬರಹ ಯೂನಿಕೋಡ್‌ಗೆ ಮುಂಚಿನ ಹಳೆಯ ಫಾಂಟ್ ವಿಧಾನದಲ್ಲಿ ಟೈಪ್ ಆಗಿರುವ ಸಾಧ್ಯತೆ ಹೆಚ್ಚು. ನೋಡಲು ಎರಡೂ ಒಂದೇ ತೊಂದರೆ ಎನಿಸಿದರೂ ಕಾರಣ ಬೇರೆ.

ಮೌಲ್ಯಮಾಪನ

ಮೊದಲ ಪಾಠದ ಕೊನೆಯಲ್ಲಿ ನಾನು ಕೇಳಿದ್ದು, "ಬ್ರೌಸರ್ ತೊಂದರೆಗೆ ಯಾವುದಾದರೂ ಮೂರು ಪರಿಹಾರ ತಿಳಿಸಿ." ಎರಡನೇ ಪಾಠದಲ್ಲಿ ಕೇಳಿದ್ದು: "ಮನೆಯ ಕಂಪ್ಯೂಟರಿನಲ್ಲಿ ಒಂದು ತಾಣ ತೆರೆಯುತ್ತಿಲ್ಲ. ಉಳಿದವು ತೆರೆಯುತ್ತಿವೆ. ಖಾಸಗಿ ಕಿಟಕಿಯಲ್ಲಿ ಅದೂ ತೆರೆಯುತ್ತದೆ. ತೊಂದರೆ ಎಲ್ಲಿ ಇಲ್ಲ? ಹೇಗೆ ಹೇಳುವಿರಿ?" ಅರ್ಧದಷ್ಟು ಮಕ್ಕಳು ಸರಿಯಾಗಿ ಬರೆದರು. ಅಂಕದ ಲೆಕ್ಕದಲ್ಲಿ ಮೊದಲ ಪಾಠವೇ ಮೇಲು. ಉತ್ತರಪತ್ರಿಕೆಗಳನ್ನು ನೋಡುವಾಗ ಮೊದಲು ಬೇಸರವಾಯಿತು. ಆಮೇಲೆ, ತಪ್ಪು ಬರೆದವರಲ್ಲೂ ಹಲವರು 'ಏಕೆಂದರೆ' ಎಂದು ಮುಂದುವರಿಸಿದ್ದನ್ನು ಗಮನಿಸಿದೆ. ಮೊದಲ ಪಾಠದ ಉತ್ತರಗಳಲ್ಲಿ ಆ ಪದ ಒಮ್ಮೆಯೂ ಇರಲಿಲ್ಲ.

ಈ ಘಟಕವನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟು. ಶಾಲೆಯ ಕಂಪ್ಯೂಟರಿನಲ್ಲಿ ಏನನ್ನಾದರೂ ಮಾಡಿ ತೋರಿಸುವ ಮೊದಲು, ಇದನ್ನೇ ಮಗು ಮನೆಯಲ್ಲಿ ಮಾಡಿದರೆ ಏನಾಗುತ್ತದೆ ಎಂದು ಒಂದು ಸಾಲು ಪಾಠ ಯೋಜನೆಯಲ್ಲಿ ಬರೆದುಕೊಳ್ಳಿ. ಆ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರಲ್ಲಿ ಅಣ್ಣನ ಅರ್ಜಿ, ಅಪ್ಪನ ಬಿಲ್ಲು, ಅಮ್ಮನ ಲೆಕ್ಕ ಎಲ್ಲವೂ ಇರುತ್ತವೆ. ಮಕ್ಕಳು ನಮ್ಮ ಮಾತನ್ನು ನಂಬಿ, ಬರೆದುಕೊಂಡು ಹೋಗಿ, ಹಾಗೆಯೇ ಮಾಡುತ್ತಾರೆ.

ಅಭ್ಯಾಸ ಬೋಧನೆ ಮುಗಿದ ದಿನ ಆ ಹುಡುಗಿ ನೋಟುಪುಸ್ತಕ ತೋರಿಸಿದಳು. ಏಳು ಪರಿಹಾರಗಳ ಪುಟವನ್ನು ಹರಿದಿರಲಿಲ್ಲ. ಮೂರನೆಯದರ ಪಕ್ಕದ ಗುರುತನ್ನು ಹೊಡೆದುಹಾಕಿ, 'ಮೊದಲು ಅಣ್ಣನನ್ನು ಕೇಳಬೇಕು' ಎಂದು ಬರೆದಿದ್ದಳು. ಕಂಪ್ಯೂಟರಿಗೆ ಹೊಸ ಬ್ಯಾಟರಿ ಹಾಕಿಸಿದ್ದಾರಂತೆ.